ದಿನಾ 150 ರೂಪಾಯಿ ಕೊಟ್ಟು ಕೆಲಸದಲ್ಲಿ ನಿಲ್ಲಿಸಿದ್ದು: ನನ್ನ ಅನುಭವ

ಕೆ.ಆರ್. ಮಾರ್ಕೆಟ್ ಹತ್ರ ಮನೆ ಇಲ್ಲದೋರಿಗೆ ಅಂತ ಇರೋ ನಮ್ಮ ಶೆಲ್ಟರಿಂದ ಕಳೆದ ವರ್ಷ ಕೆಲಸಕ್ಕೆ ಹೋದ 14 ಜನದಲ್ಲಿ 10 ಜನ ಆರು ತಿಂಗಳು ದಾಟಿದ್ದಾರೆ. ಇದೆಲ್ಲಾ ಆಗೋ ಮಾತಲ್ಲ ಅಂದವ್ರೇ ಈಗ ಫೋನ್ ಮಾಡಿ ಹೆಂಗ್ ಮಾಡಿದ್ರಿ ಅಂತ ಕೇಳ್ತಿದ್ದಾರೆ, ಅದಕ್ಕೇ ಬರೀತಿದ್ದೀನಿ.

ಮೊದಲ ವರ್ಷ ಪೂರ್ತಿ ಲಾಸು. ಎಲ್ಲರ ಹಂಗೇ ಆಧಾರ್, ಬ್ಯಾಂಕ್ ಅಕೌಂಟ್ ಮಾಡ್ಸಿ 11 ಜನನ್ನ ಸೆಕ್ಯೂರಿಟಿ ಕೆಲಸಕ್ಕೆ ಕಳಿಸ್ದೆ, ಹತ್ತೇ ದಿನಕ್ಕೆ ಒಂಬತ್ತು ಜನ ವಾಪಸ್ ಮೂಟೆ ಹೊರೋಕೆ ಬಂದ್ರು. ಯೂನಿಫಾರಂ ಡೆಪಾಸಿಟ್ ಅಂತ ತಲಾ ಒಂದೂವರೆ ಸಾವಿರ ನಾನೇ ಕಟ್ಟಿದ್ದೆ, ಅದೂ ಹೋಯ್ತು. ಇವ್ರಿಗೆ ದುಡಿಯೋ ಮನಸ್ಸಿಲ್ಲ ಅಂದ್ರು ಜೊತೆಗಿದ್ದವರು. ಮಳೇಲಿ ರಾತ್ರಿಯಿಡೀ ಮೂಟೆ ಹೊರೋರಿಗೆ ಮನಸ್ಸಿಲ್ವಾ? ಆ ಮಾತು ನಂಗೆ ತಡ್ಕೊಳಕ್ಕೇ ಆಗ್ಲಿಲ್ಲ.

ವಾಪಸ್ ಬಂದ ಒಬ್ಬ ಅಣ್ಣನ ಪಕ್ಕ ಕೂತು ಕೇಳ್ದೆ. "ಸಂಬಳ ಮುಂದಿನ ತಿಂಗಳು ಹತ್ತಕ್ಕೆ ಸಾರ್, ಅಲ್ಲೀವರ್ಗೂ ಹೊಟ್ಟೆಗೆ? ಮೂಟೆ ಹೊತ್ರೆ ಬೆಳಗಾಗೋದ್ರೊಳಗೆ ಕೈಗೆ ಕಾಸು." ಇಂದಿರಾ ಕ್ಯಾಂಟೀನಲ್ಲಿ ತಿಂಡಿ 5, ಊಟ 10 ರೂಪಾಯಿ ನಿಜ, ಆದ್ರೆ ಆ ಕಾಸೂ ಇರ್ಬೇಕಲ್ಲ, ಬಸ್ ಚಾರ್ಜ್ ಬೇರೆ.

ಅದಕ್ಕೆ ದಿನಾ ಸಂಜೆ 150 ರೂಪಾಯಿ ಕೈಗೆ ಕೊಟ್ಟೆ, ಸುಮಾರು 40 ದಿನ, ಸಂಬಳ ಬಂದ್ಮೇಲೆ ಮೂರು ಕಂತಲ್ಲಿ ವಾಪಸ್. ಓಡಿಹೋಗ್ತಾರೆ ನೋಡು ಅಂದ್ರು ಎಲ್ಲರೂ. ಚೀಟಿ ಎತ್ತಿ 85 ಸಾವಿರ ಹಾಕಿದ್ದೆ, 70ರ ಹತ್ರ ಬಂತು, ಇಬ್ಬರು ಹೋದ್ರು ಅಷ್ಟೇ. ಲೆಕ್ಕದ ಪುಸ್ತಕ ಅವರಲ್ಲೇ ಒಬ್ಬರ ಕೈಲಿತ್ತು. ಯಾವ ಮಾಲೀಕ ಸರಿಯಾಗಿ ಸಂಬಳ ಕೊಡ್ತಾನೆ ಅಂತ ಮೊದಲೇ ತಿಳ್ಕೊಳೋಕೆ ನಂದೊಂದು ದಾರಿ ಇದೆ, ಅದನ್ನ ಇಲ್ಲಿ ಬರೆಯಲ್ಲ.

ಇನ್ನೊಂದು ತಪ್ಪು ನಮ್ದೇ. ನೈಟ್ ಡ್ಯೂಟಿ ಮುಗ್ಸಿ ಬಂದೋರಿಗೆ ಎಂಟು ಗಂಟೆಗೆ ಕ್ಲೀನಿಂಗ್ ಅಂತ ಬಾಗಿಲು ಹಾಕ್ತಿದ್ವಿ. ಲಕ್ಷ ಜನಕ್ಕೊಂದು ಶೆಲ್ಟರ್, ಅದೂ 24 ಗಂಟೆ ತೆರೆದಿರ್ಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಹಿಂದಿನ ರೂಮಿಗೆ ದಪ್ಪ ಪರದೆ ಹಾಕಿ ಹಗಲು ಮಲಗೋರಿಗೇ ಬಿಟ್ವಿ, ನಾಲ್ಕು ಸಾವಿರ ಆಯ್ತೇನೋ, ಅಷ್ಟು ಕಮ್ಮಿ ದುಡ್ಡಲ್ಲಿ ಅಷ್ಟು ಕೆಲಸ ಆಗಿದ್ದು ಬೇರೆ ಇಲ್ಲ.

ನಡುವೆ ಟೀ ಗಾಡಿ ಹಾಕಿಸ್ದೆ, ಜಾಗದ ಜಗಳದಲ್ಲಿ 12 ಸಾವಿರ ಮುಳುಗ್ತು. ಬೀಗ ಇರೋ ಚಿಕ್ಕ ಲಾಕರ್ ವೆಲ್ಡಿಂಗ್ ಮಾಡ್ಸಿದ್ದು ಮಾತ್ರ ಗೆಲ್ತು, ಕಾಗದ ಪತ್ರ ಕಳ್ಕೊಂಡು ಮತ್ತೆ ಆಧಾರ್ ಸೆಂಟರ್ ಸುತ್ತೋದು ನಿಂತೋಯ್ತು.

ಈಗ ಮೂರು ಜನ ಸೇರಿ ಕಾಮಾಕ್ಷಿಪಾಳ್ಯದಲ್ಲಿ ರೂಮ್ ನೋಡಿದ್ದಾರೆ. ಓನರ್ 40 ಸಾವಿರ ಅಡ್ವಾನ್ಸ್ ಕೇಳಿದ್ದಾರೆ, ನಿನ್ನೆಗೆ 18 ಕೂಡಿದೆ.