ಬಾಲ್ಟಿ ಶಾಟ್: ರಿಕ್ ಬ್ಯಾರಿಯ ಎಸೆತವನ್ನು ಮಾಟುಂಗದ ಹುಡುಗಿಯರಿಗೆ ಕಲಿಸಿದ ನನ್ನ ಅನುಭವ

ಬಾಸ್ಕೆಟ್‌ಬಾಲ್‌ನಲ್ಲಿ ಫೌಲಿಗೆ ಪ್ರತಿಯಾಗಿ ಸಿಗುವ, ಯಾರೂ ಅಡ್ಡಬರದ ಎಸೆತವೇ ಫ್ರೀ ಥ್ರೋ. ನಮ್ಮ ಹುಡುಗಿ ಅದರ ಲೈನಿಗೆ ಬಂದು ನಿಂತರೆ ಸಾಕು, ಎದುರಾಳಿ ಬೆಂಚಿನಲ್ಲಿ ನಗು ಶುರುವಾಗುತ್ತಿತ್ತು. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ತನಕ ಇಳಿಬಿಟ್ಟು, ಬಾವಿಕಟ್ಟೆಯಲ್ಲಿ ಕೊಡ ಎತ್ತಿದ ಹಾಗೆ ಮೇಲಕ್ಕೆ ಬಿಡುತ್ತಿದ್ದಳು. ‘ಬಾಲ್ಟಿ ಶಾಟ್’ (ಬಕೆಟ್ ಎಸೆತ) ಅಂತ ಹೆಸರಿಟ್ಟವರೂ ಅವರೇ. ಕಳೆದ ಫೆಬ್ರವರಿಯಲ್ಲಿ ಅದೇ ತಂಡದ ಎದುರು ಕೊನೆಯ ಕ್ವಾರ್ಟರಿನಲ್ಲಿ ನಾವು 11 ಫ್ರೀ ಥ್ರೋಗಳಲ್ಲಿ 9 ಹಾಕಿ ಮೂರು ಪಾಯಿಂಟಿನಿಂದ ಗೆದ್ದೆವು. ಆಮೇಲೆ ಇದನ್ನು ಹೇಗೆ ಕಲಿಸಿದೆ ಅಂತ ಕೇಳಿ ಮೂವರು ಕೋಚ್‌ಗಳು ಫೋನ್ ಮಾಡಿದರು. ಮೂವರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ನಾನು ಹಗಲು ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಬೆಳಿಗ್ಗೆ 6ರಿಂದ 8 ಮುಂಬೈಯ ಮಾಟುಂಗದ ಕೋರ್ಟು. ನನ್ನ ಹತ್ತಿರ ಬರುವ ಹದಿನಾಲ್ಕು ಹುಡುಗಿಯರಲ್ಲಿ ಒಂಬತ್ತು ಮಂದಿ ನಮ್ಮ ಕಡೆಯವರೇ: ಕುಂದಾಪುರ, ಕಾರ್ಕಳ, ಇಬ್ಬರು ಕಲಬುರಗಿ. ವಯಸ್ಸು ಹನ್ನೆರಡು, ಹದಿಮೂರು. 6ನೇ ಸೈಜಿನ ಚೆಂಡು, ಬೋರ್ಡಿಗೆ 4.6 ಮೀಟರ್. ಆ ಭುಜಗಳಿಗೆ ಒಂಟಿಕೈ ಶಾಟ್ ಎಷ್ಟು ಭಾರ ಅಂತ ಕಲಿಸಿದವರಿಗೆ ಗೊತ್ತು. ಮೊಣಕೈ ಹೊರಗೆ ಹೋಗುತ್ತದೆ, ಸೊಂಟ ತಿರುಗುತ್ತದೆ, ಚೆಂಡು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್. ಎಂಟು ತಿಂಗಳು ಬೆವರು ಸುರಿಸಿದರೂ ತಂಡದ ಸರಾಸರಿ ಹತ್ತಕ್ಕೆ ನಾಲ್ಕು ದಾಟಲಿಲ್ಲ. ಹೊರಗಿನವರೊಬ್ಬರನ್ನು ಕರೆಸಿ ನಾಲ್ಕು ವಾರದ ಶೂಟಿಂಗ್ ಕ್ಲಾಸ್ ಮಾಡಿಸಿದೆ. ಸುಮಾರು 18 ಸಾವಿರ ಹೋಯಿತು, ಅರ್ಧ ನನ್ನ ಕಿಸೆಯಿಂದ. ನಾಲ್ಕು ನಾಲ್ಕಾಗಿಯೇ ಉಳಿಯಿತು.

ಆಗ ನೆನಪಾದವನು ಫ್ರೀ ಥ್ರೋವನ್ನು ಕೆಳಗಿನಿಂದ ಎಸೆಯುತ್ತಿದ್ದ ರಿಕ್ ಬ್ಯಾರಿ. ಹೆಸರು ಕೇಳಿದ ತಕ್ಷಣ ಒಬ್ಬಳು “ಸರ್, ಅವ್ರು ಮಂಗಳೂರಿನವ್ರಾ?” ಅಂದಳು. ಅಲ್ಲ ಮಗಾ, ನ್ಯೂಜೆರ್ಸಿಯವನು, 1944ರಲ್ಲಿ ಹುಟ್ಟಿದವನು, 6 ಅಡಿ 7 ಇಂಚಿನ ಫಾರ್ವರ್ಡ್. ಅಮೆರಿಕದ ಕಾಲೇಜು ಆಟ, ವೃತ್ತಿಪರರ ಲೀಗ್ ಎನ್‌ಬಿಎ, ಆ ಕಾಲದಲ್ಲಿ ಅದಕ್ಕೆ ಪೈಪೋಟಿಯಾಗಿದ್ದ ಲೀಗ್ ಎಬಿಎ, ಈ ಮೂರರಲ್ಲೂ ಒಂದೊಂದು ಸೀಸನ್ ಅತಿ ಹೆಚ್ಚು ಸರಾಸರಿಯಲ್ಲಿ ಪಾಯಿಂಟ್ ಹೊಡೆದವನು ಅವನೊಬ್ಬನೇ. ಎನ್‌ಬಿಎಯ ವಾರಿಯರ್ಸ್ ತಂಡದಲ್ಲಿ 1966-67ರಲ್ಲಿ ಪಂದ್ಯಕ್ಕೆ 35.6. ಅಲ್ಲಿಂದ ಎಬಿಎಗೆ ಹಾರಲು ಹೊರಟಾಗ ಕೋರ್ಟು ಕಚೇರಿ ಆಗಿ ಒಂದಿಡೀ ಸೀಸನ್ ಆಡದೆ ಕೂತ, ಆದರೂ ಹೋದ. ಮುಂದೆ ವಾರಿಯರ್ಸ್‌ಗೆ ಮರಳಿ 1975ರ ಫೈನಲಿನಲ್ಲಿ ವಾಷಿಂಗ್ಟನ್ ಬುಲೆಟ್ಸ್ ತಂಡವನ್ನು 4-0 ಮಾಡಿ ಮನೆಗೆ ಕಳಿಸಿದ, ಫೈನಲಿನ ಶ್ರೇಷ್ಠ ಆಟಗಾರನೂ ಅವನೇ ಆದ. ಇಷ್ಟೂ ಕಾಲ ಫ್ರೀ ಥ್ರೋ ಮಾತ್ರ ಕೆಳಗಿನಿಂದಲೇ. ಎನ್‌ಬಿಎಯಲ್ಲಿ ಅವನ ಲೆಕ್ಕ ನೂರಕ್ಕೆ ತೊಂಬತ್ತು. ಮುಂದೆ ಹ್ಯೂಸ್ಟನ್ ತಂಡದಲ್ಲಿ, ಮೂವತ್ತೈದರ ಹೊಸ್ತಿಲಲ್ಲಿ, 1978-79ರ ಇಡೀ ಸೀಸನ್ನಿನಲ್ಲಿ 169ರಲ್ಲಿ ತಪ್ಪಿದ್ದು 9.

ನನ್ನ ಮನಸ್ಸಿಗೆ ನಾಟಿದ್ದು ಬೇರೆ ಸಂಗತಿ. ಇದನ್ನು ಕಲಿಸಿದ್ದು ಅವನ ಅಪ್ಪ. ಹುಡುಗ ಮೊದಲು ಒಪ್ಪಲೇ ಇಲ್ಲ, ಹುಡುಗಿಯರು ಹಾಗೆ ಎಸೆಯುತ್ತಾರೆ ಅಂತ. ಇದನ್ನು ನಮ್ಮ ಹುಡುಗಿಯರಿಗೆ ಹೇಳಿದ ದಿನ ಅವರ ಮುಖ ನೋಡಬೇಕಿತ್ತು. “ಹಾಗಾದ್ರೆ ಇದು ನಮ್ದೇ ಅಲ್ವಾ ಸರ್?” ಅಂದರು. ಅರ್ಧ ಕೆಲಸ ಅಲ್ಲೇ ಆಯಿತು.

ಉಳಿದರ್ಧಕ್ಕೆ ಹತ್ತು ತಿಂಗಳು ಬೇಕಾಯಿತು. ಮೊದಲ ತಪ್ಪು ನನ್ನದೇ. ಬ್ಯಾಕ್‌ಸ್ಪಿನ್ (ಚೆಂಡು ಹಿಮ್ಮುಖವಾಗಿ ಸುತ್ತುವುದು) ಬೇಕು ಬೇಕು ಅಂತ ಒತ್ತಾಯಿಸಿದೆ. ಮಣಿಕಟ್ಟು ಜೋರಾಗಿ ತಿರುಗಿಸಿ ಚೆಂಡು ಬುಗುರಿಯಂತೆ ಸುತ್ತಿತು, ಬೋರ್ಡಿಗೆ ತಗುಲಿ ಸೀದಾ ನೆಲಕ್ಕೆ. ಎರಡು ತಿಂಗಳು ದಂಡ. ಸ್ಪಿನ್ ತಾನಾಗಿ ಬರಬೇಕು. ಅದಕ್ಕೆ ಪ್ಲಾಸ್ಟಿಕ್ ಕುರ್ಚಿ ತಂದೆ. ಕುರ್ಚಿಯಲ್ಲಿ ಕೂತು, ಕಾಲಿನ ಬಲವಿಲ್ಲದೆ, ಚೆಂಡನ್ನು ತಲೆಯ ಮೇಲೆ ಎರಡು ಮೂರಡಿ ಬಿಟ್ಟು ಅಲ್ಲೇ ಹಿಡಿಯುವುದು. ಪಕ್ಕಕ್ಕೆ ಹೋದರೆ ಒಂದು ಕೈ ಹೆಚ್ಚು ದುಡಿಯುತ್ತಿದೆ ಎಂದರ್ಥ. ದಿನಕ್ಕೆ ಇನ್ನೂರು ಸಲ, ಎರಡು ವಾರ, ರಿಂಗಿನ ಕಡೆ ಮುಖ ಮಾಡಿಯೂ ಇಲ್ಲ. ತಾಯಂದಿರು ಬಂದು ಇದೇನು ಬಾಸ್ಕೆಟ್‌ಬಾಲಾ ಅಂತ ಕೇಳಿದರು. ಒಬ್ಬ ಅಪ್ಪ ಮಗಳನ್ನು ಬಿಡಿಸಿಕೊಂಡೇ ಹೋದರು.

ಎರಡನೆಯದು ಬೆವರು. ಮೇ ತಿಂಗಳ ಮುಂಬೈಯಲ್ಲಿ ರಬ್ಬರ್ ಚೆಂಡು ಎರಡು ಅಂಗೈ ನಡುವೆ ಸಾಬೂನಿನಂತೆ ಜಾರುತ್ತದೆ. ನಾಲ್ಕು ಕಾಂಪೊಸಿಟ್ (ಕೃತಕ ಚರ್ಮದ) ಚೆಂಡು ಕೊಂಡೆ, ಎಂಟು ಸಾವಿರದ ಹತ್ತಿರ. ಸಿಮೆಂಟ್ ಕೋರ್ಟಿನಲ್ಲಿ ಐದು ತಿಂಗಳಿಗೆ ಮೈ ಸವೆದು ಬೋಳಾದವು. ಈಗ ಅಂಥ ಚೆಂಡುಗಳನ್ನು ಫ್ರೀ ಥ್ರೋಗೆ ಮಾತ್ರ ಇಟ್ಟಿದ್ದೇನೆ, ನೆಲಕ್ಕೆ ಬಡಿದು ಡ್ರಿಬಲ್ ಮಾಡಿದವರಿಗೆ ಐದು ಸುತ್ತು ಓಟ.

ಮೂರನೆಯದು ರಿಂಗು. ಚೆನ್ನಾಗಿ ಬಿಟ್ಟ ಚೆಂಡೂ ಎಡಕ್ಕೇ ಹೊರಳುತ್ತಿತ್ತು. ವಾರಗಟ್ಟಲೆ ಮಕ್ಕಳನ್ನು ಬೈದೆ. ಕೊನೆಗೆ ಏಣಿ ಹತ್ತಿ ಟೇಪ್ ಹಿಡಿದರೆ ಬಲಬದಿ 3.05 ಮೀಟರ್ ಸರಿ ಇದೆ, ಎಡ ಒಂದೂವರೆ ಇಂಚು ಕೆಳಗೆ! ಸಾಯನ್‌ನಿಂದ ವೆಲ್ಡರ್ ಬಂದು 2,200 ತೆಗೆದುಕೊಂಡ. ನೀವೂ ಮೊದಲು ರಿಂಗ್ ಅಳೆಯಿರಿ.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ಎರಡು ಬಿದಿರಿಗೆ ತೆಂಗಿನ ಹಗ್ಗ ಕಟ್ಟಿ ಅದರ ಮೇಲಿಂದ ಎಸೆಸಿದೆ. ಮೇಲಿನಿಂದ ಎಸೆಯುವವರಿಗೆ ಪ್ರಯೋಜನವಾಯಿತು, ನಮ್ಮವರು ವಿಪರೀತ ಎತ್ತರ ಬಿಡತೊಡಗಿದರು, ಬಿಚ್ಚಿದೆ. ಲಯಕ್ಕೆ ಯಕ್ಷಗಾನದ ಏಕತಾಳ ಹಾಕಿ ನೋಡಿದೆ. ಊರಿನಲ್ಲಿ ಚೆಂಡೆ ಕಲಿತವನು ನಾನು, ಬಾಯಲ್ಲೇ ನುಡಿಸಿದೆ. ಇದು ಫಲ ಕೊಟ್ಟಿತು. ಇಳಿಸುವಾಗ ಒಂದು ಪೆಟ್ಟು, ಮೊಣಕಾಲಿಗೆ ಒಂದು, ಬಿಡುವಾಗ ಒಂದು. ಪಂದ್ಯದ ಗದ್ದಲದಲ್ಲೂ ಅವರ ತುಟಿ ಅಲ್ಲಾಡುವುದು ನನಗೆ ಬೆಂಚಿನಿಂದ ಕಾಣುತ್ತದೆ. ಹೆಬ್ಬೆರಳು ಎಲ್ಲಿರಬೇಕು, ಉಸಿರು ಯಾವ ಪೆಟ್ಟಿಗೆ ಬಿಡಬೇಕು, ಈ ಎರಡನ್ನು ಬರೆಯುವುದಿಲ್ಲ. ಅದು ನಮ್ಮ ತಂಡದ ಸೊತ್ತು.

ಒಂದು ಟೂರ್ನಿಯಲ್ಲಿ ಅಂಪೈರ್ ಒಬ್ಬರು ಈ ಎಸೆತ ನಡೆಯುವುದಿಲ್ಲ ಎಂದು ಎರಡು ಪಾಯಿಂಟ್ ಕಿತ್ತುಕೊಂಡರು. ಒಂದು ಪಾಯಿಂಟಿನಿಂದ ಸೋತೆವು. ಆ ಹುಡುಗಿ ದಾದರ್ ತನಕ ಲೋಕಲ್‌ನಲ್ಲಿ ಅಳುತ್ತಾ ಬಂದಳು, ನನಗೆ ಈಗಲೂ ಸಿಟ್ಟು ಇಳಿದಿಲ್ಲ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಲ್ಲಿ ಆಟಗಾರ ಯಾವ ರೀತಿಯಲ್ಲಾದರೂ ಎಸೆಯಬಹುದು ಅಂತ ಸ್ಪಷ್ಟವಾಗಿದೆ, ಚೆಂಡು ಕೈಗೆ ಬಂದ 5 ಸೆಕೆಂಡಿನೊಳಗೆ ಬಿಡಬೇಕು ಅಷ್ಟೇ. ಆ ಪುಟದ ಪ್ರತಿ ಈಗ ನನ್ನ ಪಾಕೀಟಿನಲ್ಲೇ ಇರುತ್ತದೆ. ನೀವೂ ಇಟ್ಟುಕೊಳ್ಳಿ.

ಈಗ ತಂಡದ ಸರಾಸರಿ ಹತ್ತಕ್ಕೆ ಏಳರ ಆಚೀಚೆ. ಕಾರ್ಕಳದ ಹುಡುಗಿ ಒಂದು ಭಾನುವಾರ ನೂರಕ್ಕೆ 82 ಹಾಕಿದಳು, ನಾನೇ ಗೆರೆ ಎಳೆದು ಎಣಿಸಿದ್ದು. ಸುತ್ತಮುತ್ತ ಈ ವಯಸ್ಸಿನ ತಂಡಗಳಲ್ಲಿ ಇಂಥ ಲೆಕ್ಕ ನಾನಂತೂ ನೋಡಿಲ್ಲ.

ಹುಡುಗರ ಬ್ಯಾಚಿನಲ್ಲಿ ಮಾತ್ರ ಬೇರೆ ಕಥೆ. ಹದಿನೈದರವನೊಬ್ಬನಿದ್ದಾನೆ, ಆರಡಿ ದಾಟಿದ್ದಾನೆ, ರಿಂಗಿನ ಕೆಳಗೆ ಹುಲಿ, ಲೈನಿನಲ್ಲಿ ಹತ್ತಕ್ಕೆ ಮೂರು. ಅವನಿಗೆ ಎನ್‌ಬಿಎ ಆಟಗಾರ ವಿಲ್ಟ್ ಚೇಂಬರ್ಲೇನ್ ಕಥೆ ಎರಡು ಸಲ ಹೇಳಿದೆ. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದಾಗ ವಿಲ್ಟ್ ಕೆಳಗಿನಿಂದ ಎಸೆಯುತ್ತಿದ್ದ, 32 ಫ್ರೀ ಥ್ರೋಗಳಲ್ಲಿ 28 ಬಿದ್ದವು. ಆಮೇಲೆ ನಾಚಿಕೆಯಿಂದ ಬಿಟ್ಟ, ಮತ್ತೆ ಹಳೇ ಪಾಡು. ಹುಡುಗ ಪೂರ್ತಿ ಕೇಳಿದ, ಏನೂ ಅನ್ನಲಿಲ್ಲ. ನಿನ್ನೆ ಎಲ್ಲರೂ ಹೋದ ಮೇಲೆ ಬಂದು, ನಾಳೆ ಐದೂವರೆಗೆ ಬಂದರೆ ಕೋರ್ಟಿನಲ್ಲಿ ಯಾರಾದರೂ ಇರುತ್ತಾರಾ ಅಂತ ಕೇಳಿದ. ಯಾರೂ ಇರುವುದಿಲ್ಲ, ಕುರ್ಚಿ ಹಾಕಿಟ್ಟಿರುತ್ತೇನೆ ಅಂದೆ.