ಬಕ್ರಂ ಇಲ್ಲದೆ ನಿಂತ ಪಫ್ ತೋಳು

ನಾಟಕದ ಕತೆ 1900ರ ಸುಮಾರಿನ ಬೆಂಗಳೂರು ಕಂಟೋನ್ಮೆಂಟಿನದು. ಆಡುವವರು ನಮ್ಮ ತುಮಕೂರಿನ ಹವ್ಯಾಸಿ ತಂಡದವರು. ಭುಜದ ಮೇಲೆ ಎದ್ದು ನಿಲ್ಲುವ ಪಫ್, ಮೊಣಕೈ ಕೆಳಗೆ ಬಿಗಿ, ಕತ್ತು ಪೂರ್ತಿ ಮುಚ್ಚಿದ ರವಿಕೆ ಬೇಕು ಅಂದರು. ಬಕ್ರಂ, ಅಂದರೆ ಒಳಗಿಟ್ಟು ಹೊಲಿಯುವ ಗಡುಸು ಬಟ್ಟೆ, ಹಾಕದೆ ಹೊಲಿದುಕೊಡ್ತೀನಿ ಅಂದೆ. ಮಂಡಿಪೇಟೆಯ ಹಿರಿಯ ಟೈಲರ್ ಮಾಸ್ಟರೊಬ್ಬರು, "ಎರಡನೇ ಸೀನಿಗೇ ಸೋತು ಬೀಳುತ್ತೆ ಬಿಡಮ್ಮ" ಅಂತ ನಕ್ಕರು.

ಬಕ್ರಂ ಮೊದಲೇ ನೋಡಿಯಾಗಿತ್ತು. ಕೈ ಎತ್ತಿದರೆ ಸರಬರ ಸದ್ದು, ಕಾಲರ್ ಮೈಕಿನಲ್ಲಿ ಮಾತಿಗಿಂತ ಅದೇ ಜೋರು. ನೆಟ್ ಕಂಕುಳು ಕೆರೆಯುತ್ತೆ. ತೆಳು ಸ್ಪಂಜು ಇಟ್ಟರೆ ನಾಯಕಿ ಕ್ರಿಕೆಟ್ ಆಡಲು ಹೊರಟ ಹಾಗೆ ಕಂಡಳು. ಈ ಮೂರಕ್ಕೇ ಬಟ್ಟೆ ಸೇರಿ ಮೂರು ಸಾವಿರದ ಹತ್ತಿರ ಹೋಯಿತು. ತಂಡದವರು ಕೊಟ್ಟ ಅಡ್ವಾನ್ಸೇ ಅಷ್ಟು.

ಕೊನೆಗೆ ಗೆದ್ದಿದ್ದು ಕಟಿಂಗಿನಲ್ಲಿ. ನಾವು ಈಗ ಮಾಡುವ ಪಫ್‌ಗೆ ತೋಳಿನ ತಲೆಯನ್ನು, ಅಂದರೆ ಭುಜಕ್ಕೆ ಸೇರುವ ಮೇಲಂಚನ್ನು, ಒಂದಿಂಚು ಎತ್ತುತ್ತೇವೆ, ಅಲ್ವಾ? ಇದಕ್ಕೆ ಮೂರೂವರೆ ಇಂಚು ಎತ್ತಿದೆ. ಅಗಲ ಹತ್ತಿರ ಹತ್ತಿರ ಎರಡರಷ್ಟು. ಒಳಗೆ ಮೈಗೆ ಅಂಟುವ ಲೈನಿಂಗ್ ತೋಳು, ಮೇಲಿನ ತೋಳು ಅದರ ಮೇಲೆ ಕೂರುತ್ತೆ. ಭುಜದ ಹೊಲಿಗೆಯನ್ನು ಮುಕ್ಕಾಲು ಇಂಚು ಒಳಕ್ಕೆ ತಂದೆ. ಪಫ್ ಮೂಳೆಯ ಮೇಲೆ ಕೂರಬೇಕು, ಪಕ್ಕಕ್ಕೆ ಜೋತುಬೀಳಬಾರದು. ನೆರಿಗೆ ಎಲ್ಲ ಮೇಲುಗಡೆಯೇ, ಕಂಕುಳ ಕಡೆ ಒಂದೂ ಇಲ್ಲ. ಒಳಗೆ ಅದೇ ಬಟ್ಟೆಯ ಎರಡು ಬೆರಳಗಲದ ಪಟ್ಟಿ, ಗಂಜಿ ಹಾಕಿ ನೆರಿಗೆ ಹಿಡಿದದ್ದು. ಆ ಗಂಜಿಗೆ ಏನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಎಲ್ಲ ಹೆಂಗಸರಿಗೂ ಪಫ್ ಹೊಲಿಯಿರಿ ಅಕ್ಕಾ ಅಂತ ನಿರ್ದೇಶಕರು ಹೇಳಿದ್ದರು. ನಾನು ಒಪ್ಪಲಿಲ್ಲ. ಈ ತೋಳು ಇಂಗ್ಲೆಂಡಿನಲ್ಲಿ 1890ರ ದಶಕದ ನಡುವಿನಲ್ಲಿ ವಿಪರೀತ ಉಬ್ಬಿ, ಅಷ್ಟೇ ಬೇಗ ಇಳಿಯಿತು. ಇಲ್ಲಿ ಅದು ದೊರೆಸಾನಿಯರ ಗೌನಿನಿಂದ ದರ್ಜಿಯ ಕತ್ತರಿಗೆ, ಅಲ್ಲಿಂದ ಓದಿದ, ದೊಡ್ಡ ಅಧಿಕಾರಿಗಳ ಮನೆಯ ಹೆಣ್ಣುಮಕ್ಕಳಿಗೆ ಬಂತು. ಹಾಗಾಗಿ ಸೊಸೆಗೆ ಮಾತ್ರ ಪಫ್. ಅತ್ತೆಗೆ ಮುಂದೆ ಗಂಟು ಹಾಕುವ ರವಿಕೆ. ಮಡಿ ಹೆಂಗಸು ಅಜ್ಜಿಗೆ ಕೆಂಪು ಸೀರೆ, ರವಿಕೆಯೇ ಇಲ್ಲ. ಮಗರಾಯ ಮೇಲೆ ಕೋಟು, ಕೆಳಗೆ ಕಚ್ಚೆ, ಪೇಟದೊಳಗೆ ಜುಟ್ಟು. ಅವನು ಕೋಟು ಹಾಕಿದರೆ ಕಚೇರಿ ಕೆಲಸ, ಹೆಂಡತಿ ತೋಳು ಉಬ್ಬಿಸಿದರೆ ಮನೆಯ ಮಾನ ಹೋಯಿತು! ನಾಟಕದ ಜಗಳವೇ ಅದು. ಎಲ್ಲರಿಗೂ ಒಂದೇ ತೋಳು ಹಾಕಿದರೆ ಜಗಳ ಎಲ್ಲಿಂದ ಬರುತ್ತೆ?

ರವಿಕೆ ಇಲ್ಲದ ಅಜ್ಜಿ, ಮನೆಗೆಲಸದವಳು ದೊಡ್ಡ ತಲೆನೋವಾದರು. ನಮ್ಮ ಹುಡುಗಿಯರು ಬರೀ ಸೀರೆಯಲ್ಲಿ ರಂಗಕ್ಕೆ ಬರಲ್ಲ ಅಂದರು. ನ್ಯಾಯವೇ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಲು ದಶಕಗಟ್ಟಲೆ ಏಟು ತಿಂದು, 1859ರಲ್ಲಿ ಅಪ್ಪಣೆ ಪಡೆದರು. ಅದೂ ಮೇಲ್ಜಾತಿಯವರ ಹಾಗೆ ಹೊದೆಯಬಾರದು ಅನ್ನೋ ಷರತ್ತಿನ ಮೇಲೆ. ಸುಮ್ನೆ ನಾಟಕಕ್ಕೆ ಅಂತ ಬಿಚ್ಚಿಸೋಕಾಗುತ್ತಾ? ತೆಳು ಹತ್ತಿಯ ಮಲ್ ಬಟ್ಟೆಗೆ ಟೀ ಡಿಕಾಕ್ಷನ್ ಬಣ್ಣ ಕೊಟ್ಟು ಒಳರವಿಕೆ ಹೊಲಿದೆ. ಹಗಲಲ್ಲಿ ಚರ್ಮದ ಬಣ್ಣವೇ. ಲೈಟಿಗೆ ಬಂದರೆ ಕಾಮಾಲೆ ರೋಗಿ. ಸ್ವಲ್ಪ ಕಾಚು ಸೇರಿಸಿದ ಮೇಲೆ ಸರಿಹೋಯಿತು.

ಇನ್ನೊಂದು ಪ್ರಯೋಗವೂ ಆಯಿತು. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಶುರುವಾದ ಕಾಲಕ್ಕೆ ಹೆಣ್ಣು ಪಾತ್ರಕ್ಕೂ ಗಂಡಸರೇ. ಅದನ್ನು ತೋರಿಸುವ ಒಂದು ಸೀನಿತ್ತು. ಅಗಲ ಭುಜದ ಹುಡುಗನಿಗೆ ಇದೇ ಅಳತೆ ಕೊಟ್ಟರೆ ಬಾಗಿಲಲ್ಲಿ ತೂರುತ್ತಿರಲಿಲ್ಲ. ಭುಜವನ್ನು ಇನ್ನೂ ಒಳಗೆ ತಂದು, ಪಫ್ ಅರ್ಧಕ್ಕೆ ಇಳಿಸಿದೆ. ಹುಕ್ಕು ಹಾಕಿಕೊಳ್ಳಲು ಅವನಿಗೆ ಇಬ್ಬರು ಬೇಕಾದರು.

ಎರಡೂವರೆ ಗಂಟೆ ನಾಟಕ, ಪಫ್ ಒಂದೂ ಬೀಳಲಿಲ್ಲ. ಮಾಸ್ಟರು ಪರದೆ ಹಿಂದೆ ಬಂದು ತೋಳನ್ನು ಒತ್ತಿ ನೋಡಿದರು, ಒಳಗೆ ಬೆರಳು ಹಾಕಿಯೂ ನೋಡಿದರು. ಬಟ್ಟೆ ಬಿಟ್ಟು ಒಂದಕ್ಕೆ ಒಂಬೈನೂರು ಕೂಲಿ ತಗೊಂಡೆ. ಕೈಹೊಲಿಗೆ ಲೆಕ್ಕ ಹಾಕಿದರೆ ಅದು ಕಡಿಮೆಯೇ. ಮುಂದಿನ ಸಲ ಸಾವಿರದ ಇನ್ನೂರಕ್ಕೆ ಕಡಿಮೆ ಹೊಲಿಯಲ್ಲ.