ಫಾರ್ಮ್ಯಾಟ್ ಮಾಡದೆ ಉಳಿಸಿದ 6 ವರ್ಷದ ಮದುವೆ ಫೋಟೋಗಳು

"ಫಾರ್ಮ್ಯಾಟ್ ಹೊಡೆದು ಕೊಟ್ಟುಬಿಡಪ್ಪಾ, ಅದರಲ್ಲಿ ಏನೂ ಸಿಗಲ್ಲ." ದಾವಣಗೆರೆಯಲ್ಲಿ ನನ್ನ ರಿಪೇರಿ ಅಂಗಡಿಗೆ ಬಂದ ಒಂದು ಫೋಟೋ ಸ್ಟುಡಿಯೋದ ಕೆಟ್ಟ ಹಾರ್ಡ್ ಡಿಸ್ಕ್ ಬಗ್ಗೆ ಪಕ್ಕದ ಅಂಗಡಿಯವರು ಹೇಳಿದ್ದು ಇದು. ಬೆಂಗಳೂರಿನ ಒಂದು ರಿಕವರಿ ಲ್ಯಾಬ್‌ಗೆ ಫೋನ್ ಮಾಡಿದರೆ 20 ಸಾವಿರದ ಹತ್ತಿರ ಕೇಳಿದರು, ಅದೂ ಗ್ಯಾರಂಟಿ ಇಲ್ಲದೆ. ಆ ಡಿಸ್ಕ್‌ನಿಂದ ನಾನು ಹೆಚ್ಚುಕಮ್ಮಿ ಎಲ್ಲವನ್ನೂ ತೆಗೆದೆ. ರ‍್ಯಾಮ್ ಉಜ್ಜಿ ಹಾಕೋದು, ಸಿಮಾಸ್ ಸೆಲ್ ಬದಲಿಸೋದು, ಸಾಟಾ ಕೇಬಲ್ ನೋಡೋದು, ಈ ಮೊದಲ ಹೆಜ್ಜೆಗಳು ರಿಪೇರಿ ಮಾಡುವ ನಿಮಗೆಲ್ಲ ಗೊತ್ತು. ಅದನ್ನು ಬಿಟ್ಟು ಮುಂದಿನದು ಹೇಳುತ್ತೇನೆ.

ಫೋಟೋ ಸ್ಟುಡಿಯೋದ ಪಿಸಿ, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿದರೆ ವಿಂಡೋಸ್ ಗುರುತು ಬಂದು ಅಲ್ಲೇ ನಿಲ್ಲುತ್ತಿತ್ತು. ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದರೆ ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ಕಷ್ಟವಾದ ಜಾಗ, ನೂರಾರು. "ಅಣ್ಣಾ, ಮಷಿನ್ ಹೋದ್ರೆ ಹೋಗ್ಲಿ, ಆಲ್ಬಮ್ ಉಳಿಸಿಕೊಡಿ" ಅಂದರು ಮಾಲೀಕರು. ಇನ್ನೂ ಪ್ರಿಂಟ್ ಆಗದ ನಾಲ್ಕೈದು ಮದುವೆ ಅದರಲ್ಲಿದ್ದವು.

ಅದಕ್ಕೂ ಒಂದು ವರ್ಷ ಮೊದಲು ನಾನು ಇಂಥದ್ದೇ ಒಂದು ಡಿಸ್ಕ್ ಕಳೆದಿದ್ದೆ. ಒಂದು ಡಿಟಿಪಿ ಸೆಂಟರಿನದು. ವಿಂಡೋಸ್‌ನದೇ ಸ್ಟಾರ್ಟಪ್ ರಿಪೇರ್ ಕೊಟ್ಟೆ, ಆಗಲಿಲ್ಲ. ರಾತ್ರಿ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಸಾಧನ) ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಟಕ್ ಟಕ್ ಸದ್ದು. ಸಾಯುತ್ತಿರುವ ಡಿಸ್ಕ್‌ಗೆ ರಾತ್ರಿಯಿಡೀ ಓದಿಸಿ ಬರೆಸಿದರೆ ಇನ್ನೇನಾಗುತ್ತೆ? ಆ ಸೆಂಟರಿನ ಅಕ್ಕ ಬೈಯಲಿಲ್ಲ, ಸುಮ್ನೆ ಎದ್ದು ಹೋದರು. ಅದು ಇವತ್ತಿಗೂ ಮನಸ್ಸಲ್ಲಿದೆ. ಅಂದಿನಿಂದ ನನ್ನದು ಒಂದೇ ಪಟ್ಟು: ಮೊದಲು ಕಾಪಿ, ರಿಪೇರಿ ಏನಿದ್ದರೂ ಕಾಪಿಯ ಮೇಲೆ.

ಕಾಪಿಗೆ ನಾನು ಬಳಸೋದು ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕನ್ನು ಇನ್ನೊಂದಕ್ಕೆ ಕಾಪಿ ಮಾಡುವ ಪ್ರೋಗ್ರಾಮ್. ಸಿಸ್ಟಮ್‌ರೆಸ್ಕ್ಯೂ ಅನ್ನೋ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡುತ್ತೇನೆ, ಅದು ಡಿಸ್ಕನ್ನು ತಾನಾಗಿ ಮೌಂಟ್ ಮಾಡಲ್ಲ, ಅಂದರೆ ತೆರೆದು ಬಳಕೆಗೆ ತರಲ್ಲ. ಸ್ಟುಡಿಯೋದ ಡಿಸ್ಕನ್ನು ಮೊದಲು ಯುಎಸ್‌ಬಿ ಅಡಾಪ್ಟರ್‌ನಲ್ಲಿ ಹಾಕಿ ಅರ್ಧ ದಿನ ಕಳೆದೆ. ಕೆಟ್ಟ ಜಾಗ ಸಿಕ್ಕಾಗೆಲ್ಲ ಅಡಾಪ್ಟರೇ ಕೈಕೊಡುತ್ತಿತ್ತು. ನೇರ ಮದರ್‌ಬೋರ್ಡಿನ ಸಾಟಾ ಕಿಂಡಿಗೆ ಚುಚ್ಚಿದ ಮೇಲೆ ಸರಿಯಾಯಿತು.

ದೊಡ್ಡ ಪೆಟ್ಟು ಬಿದ್ದದ್ದು ಮ್ಯಾಪ್ ಫೈಲ್‌ನಲ್ಲಿ. ಎಲ್ಲಿಯವರೆಗೆ ಓದಿದೆ, ಯಾವ ಜಾಗ ಬಾಕಿ ಅನ್ನೋದನ್ನು ಡಿಡಿರೆಸ್ಕ್ಯೂ ಆ ಫೈಲಿನಲ್ಲಿ ಬರೆದಿಡುತ್ತೆ. ನಾನು ಅದನ್ನು ಲೈವ್ ಸಿಸ್ಟಮ್‌ನ ಒಳಗೇ ಇಟ್ಟಿದ್ದೆ, ಅಂದರೆ ಕರೆಂಟ್ ಹೋದರೆ ಅಳಿಸಿಹೋಗುವ ರ‍್ಯಾಮ್‌ನಲ್ಲಿ. ಹದಿನೆಂಟು ಗಂಟೆ ಓಡಿತ್ತು. ಕರೆಂಟ್ ಹೋಯಿತು, ಯುಪಿಎಸ್ 20 ನಿಮಿಷ ತಡೆಯಿತು, ಆಮೇಲೆ ಎಲ್ಲ ಸೊನ್ನೆ. ಡಿಸ್ಕ್ ಇನ್ನೊಂದು ಸಲ ಓದುತ್ತೋ ಇಲ್ಲವೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಮ್ಯಾಪ್ ಫೈಲ್ ಬೇರೆ ಪೆನ್‌ಡ್ರೈವ್‌ನಲ್ಲಿ. ಕರೆಂಟ್ ಹೋದರೂ ನಿಂತಲ್ಲಿಂದಲೇ ಶುರುವಾಗುತ್ತೆ.

ಮೊದಲ ಸುತ್ತು ಡಿಡಿರೆಸ್ಕ್ಯೂಗೆ ಮೈನಸ್ ಎನ್ (ಕೆಟ್ಟ ಜಾಗವನ್ನು ಕೆದಕದೆ ಬಿಡುವ ಆಯ್ಕೆ) ಹಾಕಿ, ಸುಲಭಕ್ಕೆ ಬರೋದನ್ನೆಲ್ಲ ಮೊದಲು ಎತ್ತಿಕೊಂಡೆ. ಸುಮಾರು 40 ಎಂಬಿ ಬಾಕಿ ಉಳಿಯಿತು. ಆಮೇಲೆ ಮೈನಸ್ ದೊಡ್ಡ ಆರ್ ಕೊಟ್ಟು ಡಿಸ್ಕಿನ ಕೊನೆಯಿಂದ ಶುರುವಿನ ಕಡೆಗೆ ಓದಿಸಿದೆ. ಅಲ್ಲೇ ಲಾಭ ಜಾಸ್ತಿ ಆಗಿದ್ದು, ಬಾಕಿ 3 ಎಂಬಿಗೆ ಇಳಿಯಿತು. ಒಟ್ಟು ಮೂರು ದಿನ ಹಿಡಿಯಿತು. ನಡುವೆ ಎರಡು ಸಲ ಡಿಸ್ಕ್ ಪೂರ್ತಿ ಮಲಗಿತು. ಅದನ್ನು ಎಬ್ಬಿಸೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅದರಿಂದಲೇ ನನ್ನ ಅಂಗಡಿ ನಡೆಯೋದು.

ಆ ಮೂರು ದಿನ ಸುಮ್ನೆ ಕೂರಲಾಗದೆ ಆ ಡಿಟಿಪಿ ಡಿಸ್ಕನ್ನು ಮತ್ತೆ ತೆಗೆದೆ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಅದೇ ಮಾಡೆಲ್ ಒಂದನ್ನು 600 ರೂಪಾಯಿಗೆ ತರಿಸಿ, ಡಿಸ್ಕಿಗೆ ಅಂಟಿರುವ ಸರ್ಕ್ಯೂಟ್ ಬೋರ್ಡ್ ಬದಲಿಸಿ ನೋಡಿದೆ. ತಿರುಗಿತು, ಗುರುತು ಹಿಡಿಯಲಿಲ್ಲ. ಹಳೇ ಬೋರ್ಡಿನ ಎಂಟು ಕಾಲಿನ ROM ಚಿಪ್‌ನಲ್ಲಿ ಆ ಡಿಸ್ಕ್‌ಗೆ ಮಾತ್ರ ಸೇರಿದ ಲೆಕ್ಕ ಇರುತ್ತೆ, ಅದನ್ನೂ ಹೊಸ ಬೋರ್ಡಿಗೆ ಸಾಗಿಸಬೇಕು. ಬೆಸುಗೆ ಬಿಡಿಸುವ ಹಾಟ್ ಏರ್‌ನಲ್ಲಿ ಚಿಪ್ ಸಾಗಿಸಿದೆ. ಆದರೂ ಟಕ್ ಟಕ್. ಡಿಸ್ಕಿನೊಳಗೆ ಓದುವ ಹೆಡ್ಡೇ ಹೋಗಿತ್ತು. 600 ಹೋಯಿತು, ಚಿಪ್ ಕಿತ್ತು ಕೂರಿಸೋದು ಕೈಗೆ ಬಂತು.

ಮತ್ತೆ ಸ್ಟುಡಿಯೋಗೆ ಬರೋಣ. ಕಾಪಿಯ ಮೇಲೆ ಚೆಕ್‌ಡಿಸ್ಕ್ ಓಡಿಸಿದೆ, ಫೋಲ್ಡರುಗಳು ಹೆಸರಿನ ಸಮೇತ ತೆರೆದುಕೊಂಡವು. ಅಳಿದ ಫೈಲ್ ಹುಡುಕುವ ಫೋಟೋರೆಕ್ ಪ್ರೋಗ್ರಾಮ್‌ನಲ್ಲಿ ತೆಗೆದಿದ್ದರೆ ಫೋಟೋ ಸಿಗುತ್ತಿತ್ತು, ಹೆಸರು ಹೋಗುತ್ತಿತ್ತು. ಯಾರ ಮದುವೆ ಯಾವುದು ಅಂತ ಹುಡುಕೋದು ಯಾರ ಕೈಲಾಗುತ್ತೆ? ಹಳೇ ವಿಂಡೋಸ್ ಎಬ್ಬಿಸುವ ಗೋಜಿಗೆ ಹೋಗಲಿಲ್ಲ. 240 ಜಿಬಿ ಎಸ್‌ಎಸ್‌ಡಿಗೆ ಹೊಸದು ಹಾಕಿ, ಕಾಪಿಯನ್ನು ಎರಡನೇ ಡಿಸ್ಕ್ ಮಾಡಿದೆ. ಬಿಲ್ಲುಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಮಾಲೀಕರ ಮುಖ ಬಿಳುಚಿತು. ಹಳೇ ನುಡಿ ಫಾಂಟ್ ಹಾಕಿದ ತಕ್ಷಣ ಕನ್ನಡ ಬಂತು.

ಒಂದು ಆರತಕ್ಷತೆಯ ಹನ್ನೊಂದು ಫೋಟೋ ಮಾತ್ರ ಕೆಳಗಿನರ್ಧ ಬೂದು ಬಣ್ಣಕ್ಕೆ ತಿರುಗಿದ್ದವು. ಎರಡು ಡಿಸ್ಕಿಗೆ ಐದು ಸಾವಿರದ ಸುಮಾರು, ನನ್ನ ಕೂಲಿ ನಾಲ್ಕು ಸಾವಿರ. ಮೂರು ದಿನದ ಕೆಲಸಕ್ಕೆ ಅದು ಕಮ್ಮಿಯೇ, ಆದರೆ ಅವರ ಮಾತಿನಿಂದ ಇನ್ನೂ ಆರೇಳು ಸ್ಟುಡಿಯೋದವರು ಬಂದರು.

ಹೊಸ ಲ್ಯಾಪ್‌ಟಾಪ್ ಬಂದರೆ ಮಾತ್ರ ಮೊದಲೇ ಬಿಟ್‌ಲಾಕರ್‌ನ (ಡಿಸ್ಕ್‌ಗೆ ಗುಪ್ತ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) 48 ಅಂಕಿಯ ಕೀ ಕೇಳಿ. ಅದಿಲ್ಲದಿದ್ದರೆ ಎಷ್ಟು ಚೆನ್ನಾಗಿ ಕಾಪಿ ಮಾಡಿದರೂ ಒಳಗಿನದು ಓದಲು ಬರಲ್ಲ.

ಪಕ್ಕದ ಅಂಗಡಿಯವರು ಈಗ ಇಂಥ ಡಿಸ್ಕ್‌ಗಳನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಚೆಕ್‌ಡಿಸ್ಕ್ ಹಾಕದೆ ಕಳಿಸಿ ಅಂತಷ್ಟೇ ಕೇಳಿಕೊಂಡಿದ್ದೇನೆ.